ಐದರ ಮ್ಯಾಟು, ಎರಡರ ಮ್ಯಾಟು

ಜನವರಿ ಹನ್ನೆರಡರಂದು ಬೈಯಪ್ಪನಹಳ್ಳಿ ಮೆಟ್ರೊ ಸರದಿಯಲ್ಲಿ ನನ್ನ ಮುಂದೆ ಒಂಬತ್ತು ಜನರಿದ್ದರು. ಕೊನೆಯ ಇಬ್ಬರು ಹಿಮಾಲಯದ ಚಾರಣದಿಂದ ಮರಳಿದ್ದ ಸ್ನೇಹಿತರು. ಹೆಗಲಲ್ಲಿ ಸುರುಳಿ ಸುತ್ತಿದ ಮಲಗುವ ಮ್ಯಾಟುಗಳಿದ್ದವು.

“ನನ್ನ ತೆಳು ಮ್ಯಾಟ್ ನೀನಿಟ್ಕೊಂಡು, ನಿನ್ನ ದಪ್ಪದ್ದು ನಂಗ್ಯಾಕೆ ಕೊಟ್ಟೆ ಜಗನ್?”

“ಮೂರಿಂಚು ಇತ್ತಲ್ಲ ಭವ್ಯ, ಬೆಚ್ಚಗಿರ್ತೀಯ ಅಂತ.”

“ಮ್ಯಾಟನ್ನ ಬಿಸಿ ತಟ್ಟೆಗೂ ತಣ್ಣನೆ ತಟ್ಟೆಗೂ ಮಧ್ಯೆ ಇಟ್ಟು, ಶಾಖ ಎಷ್ಟು ತಡೆಯುತ್ತೆ ಅಂತ ಅಳೆದು ನಂಬರ್ ಕೊಡ್ತಾರೆ. ದಪ್ಪ ನೋಡಿ ಅಲ್ಲ. ನಂಬರ್ ಹೆಚ್ಚಿದ್ದಷ್ಟೂ ಬೆಚ್ಚಗೆ. ನಿಂದು ಎರಡು, ನಂದು ಐದು.”

“ನಂಗೆ ಗೊತ್ತಿರ್ಲಿಲ್ಲ ಕಣೇ.”

“ನಿನ್ನ ಮ್ಯಾಟಿನ ಚೀಲದ ಮೇಲೆ ಅಚ್ಚಾಗಿರೋ ಆ ಎರಡರ ಕೆಳಗೆ ನೀನೇ ಪೆನ್ನಲ್ಲಿ ಗೀಟು ಹಾಕಿದೀಯ.”

ಸರದಿ ಕರಗಿ ಇಬ್ಬರೂ ಗೇಟಿನ ಬಳಿ ಬಂದಿದ್ದರು.

“ನಾನು ನಡುಗಿ ಅರ್ಧದಲ್ಲೇ ಇಳಿದೆ. ನೀನು ಶಿಖರದಲ್ಲಿ ಫೋಟೊ ತೆಗೆಸ್ಕೊಂಡೆ.”

ಆಕೆ ಅವನ ಹೆಗಲಿನಿಂದ ತನ್ನ ಮ್ಯಾಟನ್ನು ಬಿಡಿಸಿಕೊಂಡು, ಅವನದನ್ನು ಅವನ ಕೈಗಿಟ್ಟಳು.

“ಮ್ಯಾಟ್ ಚುಕ್ತಾ ಆಯ್ತು. ಶಿಖರ ಬಾಕಿ ಇದೆ,” ಎಂದು ಗೇಟು ದಾಟಿದಳು.