ಹಿರೇಮದ್ದಿನ ಹೊಲಕ್ಕೆ ಬಿದ್ದ ಅನುಮಾನ

ಎರೆಮಣ್ಣಿನ ಸೀಮೆಯ ಊರೊಂದರಲ್ಲಿ ಗುರುಶಾಂತಪ್ಪ ಎಂಬ ಸಿರಿವಂತನಿದ್ದ. ಹೊಲ ಹರವಾಗಿತ್ತು, ಬಾವಿ ತುಂಬಿತ್ತು. ನಂಬುವುದಕ್ಕೆ ಮಾತ್ರ ಅವನಿಗೆ ಒಬ್ಬರೂ ಇರಲಿಲ್ಲ. ಇಂಥವನನ್ನು ಸಿರಿವಂತ ಅನ್ನಬೇಕೋ ಬೇಡವೋ, ನೀವೇ ಹೇಳಿ.

ಆ ವರ್ಷ ಅವನು ನಾಲ್ಕೆಕರೆ ಅಶ್ವಗಂಧ ಹಾಕಿದ. ಹಿರಿಯರು ಹಿರೇಮದ್ದು ಅನ್ನುತ್ತಾರಲ್ಲ, ಅದೇ. ಔಷಧಿಗೆ ಬೇಕಾದದ್ದು ಅದರ ಬೇರು. ಬೇರು ಕೆಟ್ಟರೆ ಬೆಳೆಯೇ ಕೆಟ್ಟಂತೆ.

ಎರಡು ತಿಂಗಳಿಗೆ ಎಲೆ ಹಳದಿಯಾಯಿತು. ಬಿಸಿಲೇರಿದರೆ ಗಿಡ ತಲೆ ಬಾಗಿಸುತ್ತಿತ್ತು. ಬಾಯಾರಿದೆ ಎಂದುಕೊಂಡು ದಿನ ಬಿಟ್ಟು ದಿನ ನೀರು ಹಾಯಿಸಿದ. ಮತ್ತಷ್ಟು ಬಾಡಿತು. ಒಂದನ್ನು ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು.

ಆಗ ಅವನ ಕಣ್ಣು ಎಲ್ಲಿಗೆ ಹೋಯಿತು? ತಾನು ಹಾಯಿಸಿದ ನೀರಿನ ಕಡೆಗೆ ಹೋಯಿತೇ? ಇಲ್ಲ. ಬದುವಿನಾಚೆ ಹೋಯಿತು. ಅಲ್ಲಿ ಫಕ್ಕೀರಪ್ಪನ ಅರ್ಧ ಎಕರೆಯಲ್ಲಿ ಅದೇ ಬೆಳೆ ಹಸಿರಾಗಿ ನಿಂತಿತ್ತು. ಇವನೇ ನನ್ನ ಹೊಲಕ್ಕೆ ಏನೋ ಹಾಕಿದ್ದಾನೆ ಎಂದು ತೀರ್ಮಾನಿಸಿದ. ಗುರುಶಾಂತಪ್ಪನ ಹೊಲದ ಹೆಚ್ಚಾದ ನೀರು ಫಕ್ಕೀರಪ್ಪನ ಹೊಲದಂಚಿಗೆ ಬಸಿದು ಹೋಗಲು ಒಂದು ಕಾಲುವೆಯಿತ್ತು. ಅದರೊಳಗಿಂದಲೇ ವಿಷ ಬಿಡುತ್ತಾನೆಂದು ಅದನ್ನೂ ಮುಚ್ಚಿಸಿದ. ನೋಡಿ, ನೀರು ಇಳಿಜಾರಿಗೆ ಹೋಗುತ್ತದೆಯೇ ಹೊರತು ಏರಿಗೆ ಬರುತ್ತದೆಯೇ? ಆದರೆ ಅನುಮಾನಕ್ಕೆ ಏರೂ ಇಲ್ಲ, ಇಳಿಜಾರೂ ಇಲ್ಲ.

ಹನ್ನೆರಡು ವರ್ಷದಿಂದ ಅವನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಬಾಳವ್ವ ಫಕ್ಕೀರಪ್ಪನ ಜೊತೆ ಮಾತಾಡುತ್ತಿದ್ದುದನ್ನು ಕಂಡ.

"ಏನ ಮಾತಾಡಿದಿ ಅವನ ಜೋಡಿ?"

"ನಮ್ಮ ಹೊಲದ ಮಾತರೀ ಯಜಮಾನ್ರ. ನೀರು..."

"ನನ್ನ ಹೊಲದ ಮಾತು ಅವಗ್ಯಾಕ? ನಾಳಿಂದ ನೀ ಬರಬ್ಯಾಡ."

ಅವಳ ಮಾತು ಪೂರ್ತಿಯಾಗಲೇ ಇಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಫಕ್ಕೀರಪ್ಪ ಇವನ ಹೊಲದಲ್ಲೇ ಕೂತು ಗಿಡದ ಬುಡಕ್ಕೆ ಕೈ ಹಾಕಿದ್ದ. ಗುರುಶಾಂತಪ್ಪ ಓಡಿ ಹೋಗಿ ರಟ್ಟೆ ಹಿಡಿದ.

"ಮುಷ್ಟಿ ಬಿಚ್ಚು."

"ಬರೇ ಮಣ್ಣ ಐತ್ರಿ."

"ಏನ ಕೂಡಿಸೀದಿ ಅದರಾಗ?"

"ನೀರ ಕೂಡಿಸಿದವರು ನೀವರಿ."

ಫಕ್ಕೀರಪ್ಪ ಆ ಮಣ್ಣನ್ನು ಹಿಂಡಿದ. ಹಿಟ್ಟಿನ ಮುದ್ದೆಯಂತೆ ಅಂಟಿತು, ಬೆರಳ ಸಂದಿಯಲ್ಲಿ ನೀರಾಡಿತು. ಕೈ ಬಿಡಿಸಿಕೊಂಡು ಹೋಗಿ ತನ್ನ ಹೊಲದಿಂದ ಒಂದು ಹಿಡಿ ತಂದು ಹಿಂಡಿದ. ಅದು ಉದುರಿತು.

"ಬೇರಿಗೂ ಉಸಿರ ಬೇಕರಿ. ಕೆಸರಾಗ ಹುಗದ್ರ ಕೊಳೀತಾವ. ಬಾಳವ್ವ ಹೇಳಿ ಕಳಿಸ್ಯಾಳ. ಕಾಲಿವಿ ಮುಚ್ಚ್ಯಾರ, ನನ್ನ ಮಾತ ಕೇಳಂಗಿಲ್ಲ, ನೀನರ ನೋಡು ಅಂದ್ಲು."

ಗುರುಶಾಂತಪ್ಪ ತಾನೂ ಒಂದು ಹಿಡಿ ಮಣ್ಣು ತೆಗೆದು ಹಿಂಡಿ ನೋಡಿದ. ಅಂದೇ ಕಾಲುವೆ ತೆರೆಸಿದ, ನೀರು ನಿಲ್ಲಿಸಿದ, ಕೊಳೆತ ಗಿಡಗಳನ್ನು ಕಿತ್ತು ದೂರ ಒಯ್ದು ಸುಟ್ಟ. ಎರಡೆಕರೆ ಹೋಯಿತು, ಎರಡೆಕರೆ ಉಳಿಯಿತು.

ಮರುದಿನ ಬಾಳವ್ವನ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತ. ಅವಳು ಕೂಡಲು ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಕೇಳಿದಳು: "ಹನ್ನೆರಡ ವರ್ಷ ಉಂಡ ಹೊಲಕ್ಕ ನಾ ಕೇಡ ಬಗೀತೀನಿ ಅಂತ ನಿಮಗ ಹೆಂಗ ಅನಸ್ತ್ರಿ?"

ಅವಳು ಮತ್ತೆ ಆ ಹೊಲಕ್ಕೆ ಕೆಲಸಕ್ಕೆ ಬರಲಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಸೊಸೆ ಪಕ್ಕದ ಮನೆಯವಳೊಡನೆ ಎರಡು ಮಾತಾಡಿದರೆ ನಿಮ್ಮ ಕಿವಿ ನೆಟ್ಟಗಾಗುವುದಿಲ್ಲವೇ? ತಮ್ಮನ ಬೆಳೆ ಚೆನ್ನಾಗಿ ಬಂದರೆ, ಅವನೇನು ಮಾಡಿದ ಎಂದು ಕೇಳುತ್ತೀರೋ, ನನಗೇನು ಮಾಡಿದ ಎಂದು ಕೇಳುತ್ತೀರೋ?

ಹೊಲವಿದ್ದವರು ನೀರು ಬಿಡುವ ಮೊದಲು ಗೇಣಾಳದ ಮಣ್ಣು ತೆಗೆದು ಹಿಂಡಿ ನೋಡಿ. ಅಂಟಿದರೆ ನೀರು ಬೇಡ. ಮಳೆಗೆ ಮುಂಚೆ ಬಸಿಗಾಲುವೆಯ ಹೂಳು ತೆಗೆಯಿರಿ. ಹೊಲವಿಲ್ಲದವರೂ ಕೇಳಿ, ಯಾರ ಮಾತನ್ನು ನೀವು ಅರ್ಧಕ್ಕೆ ತಡೆದು ಕಳಿಸಿದ್ದೀರೋ, ನಾಳೆ ಬೆಳಗ್ಗೆ ಅವರ ಮನೆಗೆ ಹೋಗಿ. ಸಮಜಾಯಿಷಿ ಹೇಳಬೇಡಿ. "ಅಂದು ನೀನು ಏನು ಹೇಳಲು ಬಂದಿದ್ದೆ?" ಎಂದು ಕೇಳಿ, ಅವರು ಮುಗಿಸುವವರೆಗೆ ಸುಮ್ಮನಿರಿ.