ಗಾಜಿನ ಹೆಂಚಿನಡಿಯ ಬೆಂಚು

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಅಧ್ಯಕ್ಷರೇ, ನಮ್ಮ ಚರ್ಚಿನ ಪೂಜ್ಯ ಗುರುಗಳೇ, ದೂರದಿಂದ ಬಂದ ಅತಿಥಿಗಳೇ, ಬೇಗ ಬಂದು ಫ್ಯಾನಿನ ಕೆಳಗೆ ಜಾಗ ಹಿಡಿದ ಜಾಣ ಸಭಿಕರೇ, ತಡವಾಗಿ ಬಂದು ಗೋಡೆಗೆ ಒರಗಿ ನಿಂತ ಪಾಪದ ಸಭಿಕರೇ,

ಈ ಸಭಾಂಗಣದ ಫ್ಯಾನುಗಳು ಇವತ್ತು ಬಿಸಿಲಿನಿಂದ ತಿರುಗುತ್ತಿವೆ. ಪಕ್ಕದಲ್ಲಿರುವ, ನಮ್ಮ ಮುತ್ತಜ್ಜಂದಿರ ಕಾಲದ ಚರ್ಚಿನ ಮಾಡಿನ ಮೇಲೆ, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ, ಸೋಲಾರ್ ಪ್ಯಾನೆಲ್ ಕೂರಿಸಿದೆನೆಂದು ನೀವು ನನ್ನನ್ನು ಸನ್ಮಾನಿಸುತ್ತಿದ್ದೀರಿ. ದೇವರು ಪುಕ್ಕಟೆ ಕೊಡುವ ಬಿಸಿಲನ್ನು ಜನರಿಗೆ ಮಾರಿ ಬದುಕುವವನು ನಾನು. ನನ್ನಂಥವನಿಗೆ ದೇವರ ಅಂಗಳದಲ್ಲೇ ಸನ್ಮಾನವೆಂದರೆ ದೇವರ ತಾಳ್ಮೆ ದೊಡ್ಡದೇ ಸರಿ.

ಕೃತಜ್ಞತೆಯ ಭಾಷಣವೊಂದನ್ನು ಬರೆದು ತಂದಿದ್ದೆ. ಅದು ಜೇಬಿನಲ್ಲೇ ಇರಲಿ. ಏಕೆಂದರೆ ಈಗಷ್ಟೇ ಅಧ್ಯಕ್ಷರು ಒಂದು ಸಂತೋಷದ ಸುದ್ದಿ ಹೇಳಿದರು. ಪ್ಯಾನೆಲ್ ಸಾಲಿನ ನಡುವೆ ಒಂದು ಜಾಗ ಖಾಲಿ ಇದೆ, ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ, ಅದನ್ನು ತುಂಬಲು ದಾನಿಗಳೊಬ್ಬರು ಒಂದು ಪ್ಯಾನೆಲ್ ಕೊಟ್ಟಿದ್ದಾರೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ. ಕೈಯಲ್ಲಿ ನೆನಪಿನ ಫಲಕ ಇತ್ತೆಂದು ನೀವು ಅಂದುಕೊಂಡಿರಬಹುದು. ಕಾರಣ ಅದಲ್ಲ.

ಆ ಜಾಗದ ಕೆಳಗೆ ಏನಿದೆ, ಯಾರಾದರೂ ನೋಡಿದ್ದೀರಾ? ಒಂದು ಗಾಜಿನ ಹೆಂಚಿದೆ. ಹಿಂದಿನವರು ಮಣ್ಣಿನ ಹೆಂಚುಗಳ ನಡುವೆ ಅದೊಂದನ್ನು ಬೆಳಕಿಗೆಂದು ಇಟ್ಟರು. ಅದರ ಕೆಳಗೆ ಒಂದು ಬೆಂಚಿದೆ. ನಾನು ಅಕ್ಷರ ಕಲಿತದ್ದು ಆ ಬೆಂಚಿನ ಮೇಲೆ.

ಅಮ್ಮ ತೀರಿಕೊಂಡಾಗ ನನ್ನನ್ನು ಸಾಕಿದವಳು ಅಕ್ಕ. ಅವಳಿಗೇ ಇನ್ನೂ ಯಾರಾದರೂ ತಲೆ ಬಾಚಬೇಕಾದ ವಯಸ್ಸು. ಗೋದಾಮಿನ ಹಿಂದಿನ ಕೋಣೆಯಲ್ಲಿದ್ದೆವು, ಅದಕ್ಕೆ ಕಿಟಕಿ ಇರಲಿಲ್ಲ. ಬಟ್ಟೆ ಹೊಲಿದು ಮುಗಿಸಿ, ನನ್ನ ಕಿವಿ ಹಿಡಿದು ಚರ್ಚಿಗೆ ಎಳೆದು ತರುತ್ತಿದ್ದಳು. "ಕೂತ್ಕೋ. ಇಲ್ಲಿ ಬೆಳಕಿಗೆ ಬಾಡಿಗೆ ಇಲ್ಲ, ಓದು" ಎನ್ನುತ್ತಿದ್ದಳು. ಬಾಡಿಗೆಯಿಲ್ಲದ ಬೆಳಕಿನಲ್ಲೂ ವ್ಯಾಪಾರವಿದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ, ಬಿಡಿ.

ಅಕ್ಕ ಯಾರೆಂದು ನಿಮಗೆ ಗೊತ್ತು. ಪ್ರತಿ ವಾರ ಹಾಡಿನ ಮೊದಲ ಸಾಲನ್ನು ಒಬ್ಬಳೇ ಎತ್ತಿಕೊಡುತ್ತಾಳಲ್ಲ, ಅವಳೇ. ಅವಳು ತಪ್ಪಿದರೆ ನಾವೆಲ್ಲ ತಪ್ಪುತ್ತೇವೆ. ಅವಳು ತಪ್ಪಿದ್ದನ್ನು ನಾನು ಕೇಳಿಲ್ಲ.

ಈ ಕೆಲಸದ ನಕ್ಷೆಯನ್ನು ಮೊದಲು ತೋರಿಸಿದ್ದು ಅವಳಿಗೇ, ಅವಳ ಹೊಲಿಗೆ ಮೇಜಿನ ಮೇಲೆ ಹರಡಿ. ಗಾಜಿನ ಹೆಂಚಿನ ಹತ್ತಿರ "ಸೋರುವ ಜಾಗ, ಮುಚ್ಚಿದರೆ ಲಾಭ" ಎಂದು ಬರೆದಿದ್ದೆ. ಓದಿ ಹೇಳಿದೆ. ಅಕ್ಕ ಸ್ವಲ್ಪ ಹೊತ್ತು ಮೇಜಿನ ಮೇಲಿನ ನೂಲು ಆರಿಸುತ್ತಾ ಕೂತಳು. ಆಮೇಲೆ, "ಚೆನ್ನಾಗಿದೆ ಕಣೋ. ಸೋರೋದು ನಿಂತರೆ ಒಳ್ಳೇದೇ ಅಲ್ವಾ" ಎಂದಳು. ಅವಳೇ ಯಾಕೆ ಓದಿಕೊಳ್ಳಲಿಲ್ಲ ಎಂದು ನಾನು ಕೇಳಲಿಲ್ಲ. ನಾನು ನಕ್ಷೆ ನೋಡುತ್ತಿದ್ದೆ.

ಪ್ಯಾನೆಲ್ ಏರಿಸಿದ ದಿನ ನಾನು ಒಳಗೆ ನಿಂತು ಮಾಡಿನ ಮರ ಪರೀಕ್ಷಿಸುತ್ತಿದ್ದೆ. ಅಕ್ಕ ಬೆಂಚಿನಲ್ಲಿ ಆ ವಾರದ ಹೊಸ ಹಾಡಿನ ಹಾಳೆ ಹಿಡಿದು ಗುನುಗುತ್ತಿದ್ದಳು. ಮೇಲೆ ನಮ್ಮವರು ಗಾಜಿನ ಹೆಂಚನ್ನು ಮುಚ್ಚುವ ಪ್ಯಾನೆಲ್ ಎಳೆದು ಕೂರಿಸಿದರು. ಬೆಂಚು ಕಪ್ಪಾಯಿತು. ಗುನುಗು ಸಾಲಿನ ನಡುವೆ ನಿಂತುಹೋಯಿತು. ಅಕ್ಕ ಹಾಳೆಯನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಓರೆ ಮಾಡಿದಳು. ನಾನು ಅಲ್ಲಿರುವುದು ಅವಳಿಗೆ ಕಂಡಿರಲಿಲ್ಲ. ಹಾಳೆಯನ್ನು ಮಡಚಿ ಚೀಲದೊಳಗಿಟ್ಟಳು.

"ಏನಕ್ಕಾ?"

"ಏನಿಲ್ಲ. ಹಾಡೋಕೆ ಬೇರೆಯವರಿದ್ದಾರೆ. ನೀನು ಕೆಲಸ ನೋಡ್ಕೋ."

"ಕಣ್ಣು ಯಾವಾಗಿಂದ ಹೀಗೆ?"

"ನೀನು ನಕ್ಷೆ ತಂದಾಗಿಂದ ಅಂತೂ ಅಲ್ಲ. ಮುಖ ಹಾಗೆ ಮಾಡ್ಕೋಬೇಡ, ದೊಡ್ಡ ಕೆಲಸ ಸಿಕ್ಕಿದೆ ನಿಂಗೆ."

ದೀಪ ಹಾಕಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ಹಾಕಿಸಿದೆ, ದೀಪದ ಅಂಗಡಿಯೇ ನನ್ನದಲ್ಲವೇ? ಬಿಳಿ, ಹಳದಿ, ಬಗ್ಗಿಸುವ ಕತ್ತಿನದು, ಎಲ್ಲವನ್ನೂ ಹಿಡಿದು ನೋಡಿದೆ. "ಇದು ಅಕ್ಷರದ ಮೇಲೆ ಬೀಳಲ್ಲ ಕಣೋ, ಕಣ್ಣೊಳಗೆ ಚುಚ್ಚುತ್ತೆ" ಎಂದಳು. ಮೇಲಿನಿಂದ ಹರಡಿಕೊಂಡು ಬೀಳುವ ಬಿಸಿಲಿನ ಬೆಳಕಿದ್ದರೆ ಇನ್ನು ಕೆಲವು ವರ್ಷ ಓದಬಹುದು, ಆಮೇಲೆ ಅದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಾನು ಮಾಡು ಹತ್ತಿ ಆ ಪ್ಯಾನೆಲನ್ನು ಇಳಿಸಿದೆ. ಗುರುಗಳಿಗೆ ಮಾತ್ರ ಹೇಳಿದೆ. ಸಮಿತಿಗೆ "ತಾಂತ್ರಿಕ ಕಾರಣ" ಎಂದು ಬರೆದುಕೊಟ್ಟೆ. ತಾಂತ್ರಿಕ ಕಾರಣವೆಂದರೆ ಯಾವ ಸಮಿತಿಯೂ ಮರುಪ್ರಶ್ನೆ ಕೇಳುವುದಿಲ್ಲ.

ಹೀಗೆ ತುಂಬಿದ ಸಭೆಯಲ್ಲಿ ಹೇಳಿದೆನೆಂದು ಗೊತ್ತಾದರೆ ಅಕ್ಕ ನನ್ನನ್ನು ಮನೆಯೊಳಗೆ ಸೇರಿಸುವುದಿಲ್ಲ. ಯಾರೂ ಹೋಗಿ ಅವಳಿಗೆ ಕನಿಕರ ತೋರಿಸಬೇಡಿ, ನಿಮ್ಮನ್ನೂ ಸೇರಿಸುವುದಿಲ್ಲ. "ನಂಗೆ ಪೂರ್ತಿ ಕಾಣದೆ ಹೋದ ಮೇಲೆ ಮುಚ್ಚಿಬಿಡು, ಜಾಗ ದಂಡ ಮಾಡ್ಬೇಡ" ಎಂದಿದ್ದಾಳೆ. ಆ ಮಾತನ್ನು ನಡೆಸುವ ಮನಸ್ಸು ನನಗಿಲ್ಲ. ಕಾಣದೆ ಹೋದ ಮೇಲೂ ಅವಳು ಕೂರುವುದು ಅದೇ ಬೆಂಚಿನಲ್ಲಿ. ಕತ್ತಲಲ್ಲಿ ಯಾಕೆ ಕೂರಬೇಕು?

ಆದ್ದರಿಂದ ಅಧ್ಯಕ್ಷರೇ, ದಾನಿಗಳು ಕೊಟ್ಟ ಪ್ಯಾನೆಲನ್ನು ಈ ಸಭಾಂಗಣದ ಮಾಡಿಗೆ ಹಾಕೋಣ, ಕೂಲಿ ನನ್ನದು. ಚರ್ಚಿನ ಮೇಲಿನ ಆ ಜಾಗ ಹಾಗೇ ಇರಲಿ. ಒಪ್ಪಿಗೆಯೇ? ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಿದ್ದಾರೆ. ವ್ಯಾಪಾರದಲ್ಲಿ ಎದುರಿನವರು ಇಲ್ಲ ಎನ್ನದಿದ್ದರೆ ಅದನ್ನು ಹೌದು ಎಂದೇ ಹಿಡಿಯುತ್ತೇವೆ. ಕಾರ್ಯದರ್ಶಿಗಳೇ, ಬರೆದುಕೊಳ್ಳಿ.

ಅಕ್ಕ ಇಲ್ಲಿಗೆ ಬಂದಿಲ್ಲ. ಕರೆದೆ. "ನಿನ್ನ ಭಾಷಣ ಯಾವಾಗ ಬೇಕಾದ್ರೂ ಕೇಳ್ಬಹುದು, ಬಿಸಿಲು ಈಗಲೇ ಇರೋದು" ಎಂದಳು. ಈ ಗೋಡೆಯಾಚೆ, ಬೆಂಚಿನಲ್ಲಿ ಕೂತು ಮುಂದಿನ ವಾರದ ಹಾಡು ಓದಿಕೊಳ್ಳುತ್ತಿದ್ದಾಳೆ. ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ. ಚಪ್ಪಾಳೆ ತಟ್ಟುವುದಿದ್ದರೆ ದಯವಿಟ್ಟು ಸಣ್ಣಗೆ ತಟ್ಟಿ.

ನಮಸ್ಕಾರ.