ಇಳಿಸಿದ ಟ್ರೆಬಲ್

ಕಿವಿನೋವಿನ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಡಾಕ್ಟರ ಕೋಣೆಯ ಹೊರಗೆ ತೂಕಡಿಸುತ್ತಿದ್ದ ಆಕೆಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಒಬ್ಬ ನರೆತ ಜುಟ್ಟಿನ ಗಿಟಾರಿನವನು, ಇನ್ನೊಬ್ಬ ಅವನ ಹಾಡುಗಳನ್ನು ರೆಕಾರ್ಡ್ ಮಾಡುವವನು.

“ಅರ್ಧ ಆಯಸ್ಸು ಬ್ಯಾಂಡಲ್ಲಿ ಯಾರ್ಯಾರ ಹಾಡಿಗೋ ನುಡಿಸಿದೆ. ಒಂದು ಆಲ್ಬಮ್ ನಂದೇ ಅಂತ ಮಾಡೋಣ ಅಂದ್ರೆ, ಆಸ್ಪತ್ರೆಗೆ ಎಳ್ಕೊಂಡು ಬಂದೆಯಲ್ಲೋ.”

“ರೆಕಾರ್ಡಿಂಗಲ್ಲಿ ದಿನಾ ಟ್ರೆಬಲ್, ಆ ಕೀಚು ದನಿ, ಏರಿಸ್ತಾನೇ ಇದ್ದೀಯಲ್ಲಣ್ಣ.”

“ಹಾರ್ಡ್ ರಾಕ್ ಕಣೋ, ಜೋಗುಳ ಅಲ್ಲ. ಚುಚ್ಚಬೇಕು.”

“ಚುಚ್ಚಿದ್ದಕ್ಕೇ ಡ್ರಮ್ಮಿನವನು ಕಿವಿ ಮುಚ್ಕೊಂಡು ಎದ್ದು ಹೋಗಿದ್ದು.”

“ನಿನ್ನೆ ಅವನೇ ಚೆನ್ನಾಗಿದೆ ಅಂದ್ನಲ್ಲ!”

“ನಿನ್ನೆ ಹಾಕಿ ಕೇಳಿಸಿದ್ದು ನಾನು ಟ್ರೆಬಲ್ ಇಳಿಸಿದ್ದನ್ನ. ನೀನು ಮನೆಗೆ ಹೋದ್ಮೇಲೆ ದಿನಾ ಇಳಿಸ್ತೀನಿ.”

ಗಿಟಾರಿನವನು ಜಡ್ಡುಗಟ್ಟಿದ ಬೆರಳ ತುದಿಯನ್ನು ತಿಕ್ಕಿದ.

“ನಾನೂ ಅಲ್ಲೇ ಕೂತು ಕೇಳಿದ್ನಲ್ಲೋ. ಇಳಿಸಿದ್ದು ನಂಗೆ ಗೊತ್ತೇ ಆಗ್ಲಿಲ್ಲ.”

“ಅದಕ್ಕೇ ಕರ್ಕೊಂಡು ಬಂದೆ.”

“ಹಾಗಾದ್ರೆ ಆಲ್ಬಮ್ ಯಾರದು?”

“ನುಡಿಸಿದ್ದೆಲ್ಲ ನೀನೇ. ಅದರಲ್ಲಿ ಒಂದು ಸ್ವರಾನೂ ನಾನು ಮುಟ್ಟಿಲ್ಲ.”

ನರ್ಸ್ ಬಂದು ಕರೆದಳು. ಗಿಟಾರಿನವನು ಮೊಣಕಾಲ ಮೇಲೆ ಕೈಯೂರಿ ಎದ್ದ.

“ಇನ್ಮೇಲೆ ನನ್ನೆದುರಿಗೇ ಇಳಿಸು. ಕದ್ದು ಬೇಡ.”

“ಬೈಯಲ್ವಾ?”

“ಬೈತೀನಿ. ನೀನು ಇಳಿಸು.”

ಇಬ್ಬರೂ ಒಳಗೆ ಹೋದರು.